ಜಿಲಾಲಿ ಕಹಳೆ ತಡೆದ ರಾತ್ರಿ

ಚಡಾವು ಹೊಲಿಯುವ ಜಿಲಾಲಿ ಇದ್ದಾನೋ ಇಲ್ಲವೋ ಎಂದು ನಮ್ಮ ಕೇರಿ ವರ್ಷದಲ್ಲಿ ಹನ್ನೊಂದು ತಿಂಗಳು ಕೇಳುತ್ತಲೂ ಇರಲಿಲ್ಲ. ದಮ್ನಾತ್ ಊರಿನ ಹಳೆಯ ಕೋಟೆಯೊಳಗೆ, ಮಸೀದಿಯ ಓಣಿಯಲ್ಲಿ ಅವನ ಗೂಡಂಗಡಿ. ತೊಗಲಿನ ವಾಸನೆ, ಮೇಣ ಹಚ್ಚಿದ ದಾರ, ತಗ್ಗಿಸಿದ ತಲೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ರಮ್ಜಾನಿನ ಚಂದ್ರ ಕಂಡಿತೆಂದರೆ ಆ ಮನುಷ್ಯನೇ ಬೇರೆ. ಗೋಡೆಯ ಮೇಲಿದ್ದ ಉದ್ದನೆಯ ಹಿತ್ತಾಳೆ ಕಹಳೆ ಕೆಳಗಿಳಿಯುತ್ತಿತ್ತು. ಅದನ್ನು ನಿಂಬೆಹುಳಿ ಹಾಕಿ ತಿಕ್ಕಿ ಫಳಫಳ ಮಾಡುತ್ತಿದ್ದ. ತಿಂಗಳು ಪೂರ್ತಿ, ಬೆಳಗಿನ ಬಾಂಗಿಗೆ ಸಾಕಷ್ಟು ಮುಂಚೆ ಮಿನಾರು ಹತ್ತಿ ಊದಿ, ಕೇರಿಯನ್ನು ಸಹರಿ ಊಟಕ್ಕೆ ಎಬ್ಬಿಸುವ ಕೆಲಸ ಅವನದು. ಬಾಂಗಾದ ಮೇಲೆ ಸಂಜೆಯವರೆಗೆ ಯಾರೂ ಒಂದು ತುತ್ತೂ ಮುಟ್ಟುವಂತಿಲ್ಲ. ಸೋದರಮಾವನ ಹಲ್ಲು ಬಿದ್ದು ಊದಲಾಗದೆ ಹೋದಾಗ ಅದು ಇವನ ಪಾಲಿಗೆ ಬಂದಿತ್ತು.

ಒಂದು ರಾತ್ರಿಯೂ ತಪ್ಪಿಸಿದವನಲ್ಲ. ಜ್ವರದಲ್ಲಿ ಊದಿದ್ದಾನೆ, ಹಿಮ ಬಿದ್ದಾಗ ಊದಿದ್ದಾನೆ. ತಾಯಿ ತೀರಿಕೊಂಡ ರಾತ್ರಿ ಹೆಣವನ್ನು ಮನೆಯಲ್ಲಿಟ್ಟು ಮಿನಾರು ಹತ್ತಿದ, ಊದಿ ಕೆಳಗಿಳಿದ ಮೇಲೆ ಅತ್ತ. ಈಗ ಕೇರಿಯ ಪ್ರತಿಯೊಬ್ಬರ ಜೇಬಿನಲ್ಲೂ ಫೋನಿದೆ, ಫೋನಿನಲ್ಲಿ ಎಬ್ಬಿಸುವ ಗಂಟೆಯಿದೆ. ಆದರೂ ರಮ್ಜಾನಿನಲ್ಲಿ ಅದನ್ನು ತಿರುಗಿಸಿಡುವವರು ಯಾರೂ ಇರಲಿಲ್ಲ. 'ಜಿಲಾಲಿ ಇದಾನಲ್ಲ' ಎಂದು ಹೊದ್ದು ಮಲಗುತ್ತಿದ್ದರು. ಆ ಎರಡು ಪದವೇ ಅವನ ಆಸ್ತಿ. ಬೇರೆ ಆಸ್ತಿ ಇರಲೂ ಇಲ್ಲ ಬಿಡಿ.

ಮಗಳು ಬಹೀಜಾಳೊಬ್ಬಳಿದ್ದಳು. ಊರ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅಷ್ಟು ಸಾಲದೆಂಬಂತೆ ಆಕಾಶ ನೋಡುವ ಹುಚ್ಚು ಬೇರೆ. ಬೆನಿ ಮಲ್ಲಾಲ್ ಪಟ್ಟಣದಲ್ಲಿ ಅವಳಂಥವರದೇ ಒಂದು ಸಂಘವಿದೆ. ಅವರು ಸರದಿಯ ಮೇಲೆ ಹಂಚಿಕೊಳ್ಳುವ ದುರ್ಬೀನು ಆ ತಿಂಗಳು ಇವಳ ಮಾಳಿಗೆಗೆ ಬಂದಿತ್ತು. ಪೀಪಾಯಿಯಷ್ಟು ದಪ್ಪದ ಆ ವಸ್ತುವನ್ನು ಏಣಿಯಲ್ಲಿ ಹತ್ತಿಸಲು ನಾಲ್ಕು ಗಂಡಸರು ಬೇಕಾಗಿದ್ದರು, ಆ ನಾಲ್ವರೂ ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು. ದಿನಸಿ ಅಂಗಡಿಯ ಹಾಜ್ ಮಿಲೂದನಂತೂ ಜಿಲಾಲಿ ಎದುರು ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದ.

"ನಿನ್ ಮಗಳು ಮೇಲ್ ನೋಡೋದ್ ಬಿಟ್ಟು ಎದುರಿಗೆ ನೋಡಿದ್ರೆ ಇಷ್ಟೊತ್ತಿಗೆ ಅಳಿಯ ಬರ್ತಿದ್ದ ಕಣಯ್ಯಾ."

"ಬಂದಿದ್ರೆ ಅವನಿಗೂ ನಿನ್ ಅಂಗಡಿ ಹುಳ ಬಿದ್ದ ಹಿಟ್ಟೇ ಗತಿ ಆಗ್ತಿತ್ತು ಹಾಜ್, ಬದುಕ್ಕೊಂಡ" ಎಂದು ಜಿಲಾಲಿ ಸೂಜಿಯಿಂದ ತಲೆ ಎತ್ತದೆ ಹೇಳುತ್ತಿದ್ದ. ಇಬ್ಬರೂ ಬಾಲ್ಯದ ಗೆಳೆಯರು.

ಆ ವರ್ಷ ರಮ್ಜಾನಿನ ಮೊದಲ ವಾರ. ಸಂಜೆಯ ಬಾಂಗಾಗಿ, ಖರ್ಜೂರ ಬಾಯಿಗೆ ಹಾಕಿಕೊಂಡು, ಜಿಲಾಲಿ, ಹೆಂಡತಿ ತಾಮೂ, ಮಗಳು ಮೂವರೂ ಹರೀರಾ ಗಂಜಿಯ ಬಟ್ಟಲು ಕೈಗೆತ್ತಿಕೊಂಡಿದ್ದರು. ಬಹೀಜಾ ಮಾತ್ರ ಚಮಚ ಮುಟ್ಟಿರಲಿಲ್ಲ. ಫೋನಿನಲ್ಲಿ ಏನೋ ಓದಿ ಮುಖ ಸಣ್ಣದು ಮಾಡಿಕೊಂಡಿದ್ದಳು.

"ಅಪ್ಪಾ, ಆ ಕಲ್ಲಿನ ವಿಷಯ ಹೇಳಿದ್ನಲ್ಲ, ಇವತ್ತೇ. ಬೆಳಗಿನ ಜಾವ."

"ಹೂಂ. ನೋಡು. ಯಾರ್ ಬೇಡ ಅಂದ್ರು?"

"ಸಮುದ್ರದ ಕಡೆಯವರಿಗೆಲ್ಲ ಮಂಜು ಕವಿದಿದೆಯಂತೆ. ಬೆನಿ ಮಲ್ಲಾಲಲ್ಲಿ ಮೋಡ. ಬೆಟ್ಟದಾಚೆ ವರ್ಜಾಜಾತಲ್ಲಿ ಒಬ್ರಿದಾರೆ, ಈಚೆ ನಾನೊಬ್ಳು. ಅಷ್ಟೇ ಉಳ್ಕೊಂಡಿರೋದು."

ಕಲ್ಲು ಎಂದರೆ ಕ್ಷುದ್ರಗ್ರಹ. ಶನಿಯಿಂದಲೂ ಆಚೆ, ಕತ್ತಲಲ್ಲಿ ಸುತ್ತುವಂಥದು. ಎಷ್ಟು ದೊಡ್ಡ ದುರ್ಬೀನು ಹಿಡಿದರೂ ನಮ್ಮ ಮಾಳಿಗೆಯಿಂದ ಅದು ಕಾಣುವುದಿಲ್ಲ. ಆದರೆ ಆ ರಾತ್ರಿ ಅದು ಒಂದು ಸಣ್ಣ ನಕ್ಷತ್ರದ ಮುಂದೆ ಹಾದು ಹೋಗುವುದಿತ್ತು. ಹಾಯುವಾಗ ನಕ್ಷತ್ರ ಒಂದೆರಡು ಉಸಿರಿನಷ್ಟು ಹೊತ್ತು ಆರಿಹೋಗಿ ಮತ್ತೆ ಹತ್ತಿಕೊಳ್ಳುತ್ತದೆ. ಎಲ್ಲೆಲ್ಲಿಂದ ನೋಡಿದವರಿಗೆ ಎಷ್ಟೆಷ್ಟು ಹೊತ್ತು ಆರಿತ್ತು ಎಂದು ಕೂಡಿಸಿ ನೋಡಿದರೆ ಆ ಕಲ್ಲಿನ ಅಳತೆ ಸಿಗುತ್ತದೆ. ಒಬ್ಬರೇ ನೋಡಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಇದನ್ನೆಲ್ಲ ಅವಳು ಅಪ್ಪನಿಗೆ ರೊಟ್ಟಿಯ ಚೂರು ಹಿಡಿದು, ದೀಪಕ್ಕೆ ಅಡ್ಡ ಮಾಡಿ, ಹಿಂದೊಮ್ಮೆ ತೋರಿಸಿದ್ದಳು. ಇದಕ್ಕೆ ಮೊದಲು ಎರಡು ಸಲ ಹೀಗೇ ಕಾದು ಎರಡು ಸಲವೂ ಕೈ ಸುಟ್ಟುಕೊಂಡಿದ್ದಳು. ಒಮ್ಮೆ ಮೋಡ. ಇನ್ನೊಮ್ಮೆ ಪಕ್ಕದ ನಕ್ಷತ್ರವನ್ನೇ ನೋಡುತ್ತ ಕುಳಿತು ಸಂಘದವರ ಮುಂದೆ ನಗೆಪಾಟಲಾಗಿದ್ದಳು. ಕ್ಯಾಮರಾ ಹಾಕೋಣವೆಂದರೆ ಸಂಘಕ್ಕಿದ್ದ ಒಂದೇ ಕ್ಯಾಮರಾ ಸಮುದ್ರದ ಮಂಜಿನಲ್ಲಿ ಕುಳಿತಿತ್ತು. ಇವಳು ಕಣ್ಣಿಂದಲೇ ನೋಡಬೇಕು, ನಕ್ಷತ್ರ ಹೋದಾಗ, ಬಂದಾಗ ಬಾಯಿಬಿಟ್ಟು ಹೇಳಬೇಕು. ಸೆಕೆಂಡು ಸೆಕೆಂಡಿಗೆ ಟಿಕ್ ಎನ್ನುವ ಫೋನು ಆ ದನಿಯನ್ನು ಹಿಡಿದಿಡುತ್ತದೆ.

"ನೀನ್ ಊದಿದ ಕೂಡ್ಲೇ ಎಲ್ರ ಮಾಳಿಗೆ ಅಡುಗೆಮನೇಲೂ ದೀಪ ಹತ್ತುತ್ತೆ ಅಪ್ಪಾ. ನೇರ ನನ್ ಕಣ್ಣಿಗೆ ಹೊಡಿಯುತ್ತೆ. ಆ ನಕ್ಷತ್ರ ಮೊದಲೇ ಮಂಕು. ಅದು ಬರೋ ಹೊತ್ತೂ ನೀನ್ ಊದೋ ಹೊತ್ತೂ ಹೆಚ್ಚುಕಮ್ಮಿ ಒಂದೇ."

ಜಿಲಾಲಿ ಬಟ್ಟಲು ಕೆಳಗಿಟ್ಟ. ಏನು ಕೇಳಲಿದ್ದಾಳೆ ಎಂದು ಗೊತ್ತಾಯಿತು.

"ಊರಾಚೆ ಆಲಿವ್ ತೋಟಕ್ಕೆ ಹೋಗಿ ನೋಡು" ಎಂದ.

"ಒಬ್ಳೇ ಹೆಣ್ಣು, ನಡುರಾತ್ರೀಲಿ, ತೋಟದಲ್ಲಿ!" ತಾಮೂ ಹಾರಿಬಿದ್ದಳು. "ನಿನ್ ತಲೆ ನೆಟ್ಟಗಿದೆಯಾ? ಆ ಪೀಪಾಯೀನ ಹೊರೋಕೆ ಮತ್ತೆ ನಾಲ್ಕ್ ಜನ ಎಲ್ಲಿಂದ ತರ್ತೀಯಾ? ಮೊದಲಿನವರಿಗೆ ಮಾಡಿ ಹಾಕಿದ ಊಟದ ಪಾತ್ರೆ ಇನ್ನೂ ತೊಳೀತಿದೀನಿ."

"ಎಷ್ಟ್ ಹೊತ್ತು ತಡೀಬೇಕು?"

"ಸ್ವಲ್ಪ. ಹೊಸದಾಗಿ ಸಿಕ್ಕಿರೋ ಕಲ್ಲು, ದಾರಿ ಇನ್ನೂ ಸರಿಯಾಗಿ ಗೊತ್ತಿಲ್ಲ. ಮುಂಚೆ ಬರಬಹುದು, ತಡವಾಗಿ ಬರಬಹುದು. ಬರದೇನೂ ಇರಬಹುದು" ಎಂದು ಬಹೀಜಾ ನಿಜವನ್ನೇ ಹೇಳಿದಳು. ಸುಳ್ಳು ಹೇಳಿದ್ದರೆ ಅವನಿಗೆ ಬೇಡವೆನ್ನುವುದು ಸುಲಭವಾಗುತ್ತಿತ್ತು.

ರಾತ್ರಿಯ ತರಾವೀಹ್ ನಮಾಜು ಮುಗಿದು ಗಂಡಸರು ಮಸೀದಿ ಬಾಗಿಲಲ್ಲಿ ಚಡಾವು ಹುಡುಕುತ್ತಿದ್ದಾಗ ಜಿಲಾಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅಷ್ಟು ವರ್ಷಗಳಲ್ಲಿ ಅವನು ಕೇರಿಯನ್ನು ಏನೂ ಕೇಳಿದ್ದಿಲ್ಲ. ಈ ರಾತ್ರಿ ಕಹಳೆ ಸ್ವಲ್ಪ ತಡ, ಅಲ್ಲಿಯವರೆಗೆ ಯಾರೂ ದೀಪ ಹಾಕಬೇಡಿ, ಫೋನಿನ ಗಂಟೆ ಇಟ್ಟುಕೊಳ್ಳಬೇಡಿ ಎಂದ. ಕಾರಣವನ್ನೂ ಹೇಳಿದ.

"ಆ ಕಲ್ಲು ತಲೆ ಮೇಲ್ ಬೀಳುತ್ತಾ?" ಹಾಜ್ ಮಿಲೂದ್ ಕೇಳಿದ.

"ಇಲ್ಲ ಹಾಜ್. ಹಾದು ಹೋಗುತ್ತೆ."

"ಹೋಗೋದಾದ್ರೆ ಹೋಗ್ಲಿ ಬಿಡು. ನಾವ್ ದೀಪ ಆರಿಸಿ ಮರ್ಯಾದೆ ಮಾಡೋಕೆ ಅದೇನ್ ಸುಲ್ತಾನನ ಸವಾರೀನಾ?"

ಜನ ನಕ್ಕರು. ಜಿಲಾಲಿ ನಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಅವನು ಹಾಗೆ ನಿಂತದ್ದನ್ನು ಕಂಡು ನಗುವೂ ನಿಂತಿತು. ಹಾಜ್ ಮಿಲೂದ್ ಹತ್ತಿರ ಬಂದು ದನಿ ತಗ್ಗಿಸಿದ. "ನಿನಗೆ ಗೊತ್ತಲ್ಲ, ನಂದು ಸಕ್ಕರೆ ಕಾಯಿಲೆ. ನಾಲ್ಕ್ ತುತ್ತು ತಿಂದು ಮಾತ್ರೆ ನುಂಗದೇ ಇದ್ರೆ ನಾನ್ ಉಪವಾಸ ಇರೋ ಹಾಗಿಲ್ಲ. ಡಾಕ್ಟರು ಆ ಕರಾರಿನ ಮೇಲೇ ಒಪ್ಪಿರೋದು."

"ಚಹಾ ಕುದಿಸಿ, ರೊಟ್ಟಿ ತಿಂದು, ಬಾಯಿ ಮುಕ್ಕಳಿಸೋಕೂ ಹೊತ್ತು ಸಿಗುತ್ತೆ ಹಾಜ್. ನಾನ್ ಮಾತ್ ಕೊಡ್ತೀನಿ."

"ನೀನ್ ಕೊಟ್ಮೇಲೆ ಆಯ್ತು" ಎಂದ ಹಾಜ್ ಮಿಲೂದ್. ಉಳಿದವರೂ ಆಯ್ತೆಂದು ಮನೆಗೆ ಹೋದರು.

ರಾತ್ರಿ ಚಳಿ ಜೋರಿತ್ತು. ಓಣಿಯ ಕಂಬದ ದೀಪಕ್ಕೆ ಬಹೀಜಾ ಮಧ್ಯಾಹ್ನವೇ ಗೋಣಿಚೀಲ ಕಟ್ಟಿದ್ದಳು. ಜಿಲಾಲಿ ತನ್ನ ದಪ್ಪ ಉಣ್ಣೆಯ ಜಲ್ಲಾಬಾ ನಿಲುವಂಗಿಯನ್ನು ಅವಳ ಮೇಲೆ ಹೊದಿಸಿ, ಮುಸುಕನ್ನೂ ಎಳೆದ. "ಫೋನ್ ಮಾತ್ರ ಮಾಡ್ಬೇಡ ಅಪ್ಪಾ, ಸಂಪರ್ಕ ಆರಿಸಿಟ್ಟಿದೀನಿ. ಮುಗಿದ ತಕ್ಷಣ ಕೆಂಪು ಟಾರ್ಚ್ ಆಡಿಸ್ತೀನಿ, ಆಗ ಊದು" ಎಂದಳು. ಆಗಲೇ ಕಣ್ಣು ಗಾಜಿಗೆ ಹಚ್ಚಿದ್ದಳು. ಅವನು ಏಣಿ ಇಳಿದು, ಕಹಳೆ ಹೆಗಲಿಗೇರಿಸಿ, ಇಡೀ ಕೇರಿಯನ್ನು ದಾಟಿ ಮಸೀದಿಗೆ ಬಂದ. ಅವನ ಮನೆ ಕೋಟೆಗೋಡೆಯ ಹತ್ತಿರ ಈ ತುದಿ, ಮಸೀದಿ ಆ ತುದಿ. ಕೂಗಿದರೆ ಕೇಳುವ ದೂರವಲ್ಲ.

ಮಿನಾರಿನ ಮೇಲೆ ನಿಂತಾಗ ಕೇರಿ ಕಪ್ಪಗಿತ್ತು. ಎಷ್ಟೋ ವರ್ಷಗಳಿಂದ ಅವನು ಈ ಹೊತ್ತಿಗೆ ಇಲ್ಲಿ ಬಂದು ಕೇರಿಯನ್ನು ಬೆಳಗಿಸಿದವನೇ ಹೊರತು ಕತ್ತಲನ್ನು ಕಾದವನಲ್ಲ. ದೂರದಲ್ಲಿ, ಚುಕ್ಕಿಬೆಳಕಿನಲ್ಲಿ, ಸುಣ್ಣ ಬಳಿದ ತನ್ನ ಮಾಳಿಗೆ, ದುರ್ಬೀನಿನ ದಪ್ಪ ನೆರಳು, ಅದರ ಬುಡದಲ್ಲಿ ಮೂಟೆಯಂತೆ ಮಗಳು. ದಿನವೂ ಊದುವ ಹೊತ್ತು ಬಂತು. ತುಟಿ ತಾನಾಗಿಯೇ ಒದ್ದೆಯಾಯಿತು. ಅವನು ಕಹಳೆಯನ್ನು ಗೋಡೆಗೆ ಒರಗಿಸಿ ಕೈ ಕಟ್ಟಿಕೊಂಡ. ಹೊತ್ತು ದಾಟಿತು. ಟಾರ್ಚ್ ಆಡಲಿಲ್ಲ.

ಬಾಂಗ್ ಕೂಗುವ ಸೀ ಅಬ್ಬಾಸ್ ಕೆಳಗಿನ ಮೆಟ್ಟಿಲಿಗೆ ಬಂದು ನಿಂತದ್ದು ಕೆಮ್ಮಿನಿಂದ ಗೊತ್ತಾಯಿತು.

"ಜಿಲಾಲಿ, ಇನ್ನೂ ಇಲ್ವಾ?"

"ಇಲ್ಲ ಸೀದಿ" ಎಂದು ಜಿಲಾಲಿ ಮರ್ಯಾದೆಯಿಂದ ಹೇಳಿದ.

"ನಾನ್ ಒಂದ್ ಕ್ಷಣಾನೂ ತಡ ಮಾಡೋ ಹಾಗಿಲ್ಲ, ನೆನಪಿರ್ಲಿ. ಬಾಂಗು ನಿನ್ ಮಗಳ ನಕ್ಷತ್ರಕ್ಕೆ ಕಾಯಲ್ಲ."

"ನನಗೆ ಗೊತ್ತು ಸೀದಿ."

ಮತ್ತೆ ಹೊತ್ತು ಹೋಯಿತು. ಚಹಾ ಕುದಿಸುವ ಹೊತ್ತು ಹೋಯಿತು. ರೊಟ್ಟಿ ಬಿಸಿ ಮಾಡುವ ಹೊತ್ತೂ ಹೋಗುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಜಿಲಾಲಿ ಮಾಳಿಗೆಯನ್ನೇ ನೋಡಿದ. ಮೂಟೆ ಅಲುಗಲಿಲ್ಲ. ಮೊದಮೊದಲು ಆಗಾಗ ಅಲುಗುತ್ತಿತ್ತು, ಒಮ್ಮೆ ಕೈ ಉಜ್ಜಿಕೊಂಡಂತೆ, ಒಮ್ಮೆ ಕಾಲು ಬದಲಿಸಿದಂತೆ. ಈಗ ಅಲುಗಾಟ ನಿಂತು ಬಹಳ ಹೊತ್ತಾಗಿತ್ತು. ಜಲ್ಲಾಬಾದ ಮುಸುಕು ಮುಂದಕ್ಕೆ ಬಾಗಿತ್ತು.

ನಿದ್ದೆ ಹೋಗಿದ್ದಾಳೆ.

ಹಗಲೆಲ್ಲ ಉಪವಾಸವಿದ್ದು ಪಾಠ ಮಾಡಿದವಳು, ರಾತ್ರಿಯಿಡೀ ಚಳಿಯಲ್ಲಿ ಕುಳಿತವಳು. ಅದರ ಮೇಲೆ ತಾನೇ ಬೆಚ್ಚಗೆ ಹೊದಿಸಿ ಬಂದಿದ್ದ. ಅಥವಾ ನಿದ್ದೆ ಇಲ್ಲವೋ ಏನೋ? ಕಣ್ಣು ಗಾಜಿಗೆ ಹಚ್ಚಿ ಉಸಿರು ಬಿಗಿಹಿಡಿದು ಕುಳಿತವಳೂ ಹೀಗೇ ಕಾಣುತ್ತಾಳೆ. ಅವಳು ಎಚ್ಚರವಿದ್ದು ಈಗ ಊದಿಬಿಟ್ಟರೆ ದೀಪ ಹತ್ತಿ ಎಲ್ಲ ಮಣ್ಣುಪಾಲು. ಅಪ್ಪನೇ ಹಾಳು ಮಾಡಿದನೆಂದು ಅವಳು ಹೇಳುವುದಿಲ್ಲ, ಆದರೆ ಜನ್ಮವಿಡೀ ನೆನೆಯುತ್ತಾಳೆ. ನಿದ್ದೆ ಹೋಗಿದ್ದು ಊದದೆ ಹೋದರೆ, ಇಡೀ ಊರನ್ನು ಎಬ್ಬಿಸುವ ಅಪ್ಪನಿದ್ದೂ ಅವಳ ನಕ್ಷತ್ರ ಅವಳ ಮುಚ್ಚಿದ ಕಣ್ಣ ಮುಂದೆಯೇ ಆರಿ ಹತ್ತಿ ಹೋಗುತ್ತದೆ. ಓಡಿಹೋಗಿ ಎಬ್ಬಿಸೋಣವೆಂದರೆ ತನ್ನ ನೋಯುವ ಮೊಣಕಾಲಿನಲ್ಲಿ ಮಿನಾರು ಇಳಿಯುವುದರೊಳಗೆ ಬಾಂಗಾಗುತ್ತದೆ. ತಾಮೂ ಮಾಳಿಗೆ ಏಣಿ ಹತ್ತಲಾರಳು.

"ಜಿಲಾಲಿ! ಜನ ಏನ್ ತಿಂತಾರೆ? ಗಾಳೀನಾ?" ಸೀ ಅಬ್ಬಾಸನ ದನಿ ಮೆಟ್ಟಿಲಲ್ಲಿ ಗುಡುಗಿತು. "ಹಾಜ್ ಮಿಲೂದ್ ಮಾತ್ರೆ ತಗೋಬೇಕು. ಊದು!"

ಜಿಲಾಲಿ ಕಹಳೆ ಎತ್ತಿದ. ಎಷ್ಟೋ ಸಾವಿರ ಜನರನ್ನು ನಿದ್ದೆಯಿಂದ ಎಬ್ಬಿಸಿದ್ದ ಅವನಿಗೆ ನಿದ್ದೆ ಹೋದವರ ತಲೆ ಹೇಗೆ ಇಳಿಯುತ್ತದೆಂದು ಗೊತ್ತಿತ್ತು. ಕಾಯುವವರ ತಲೆ ಹಾಗೆ ಇಳಿಯುವುದಿಲ್ಲ. ಯಾ ರಬ್ಬಿ, ದೇವರೇ, ತಪ್ಪಾಗಿದ್ದರೆ ನನ್ನ ತಲೆಯ ಮೇಲಿರಲಿ ಎಂದುಕೊಂಡು, ಕಣ್ಣು ಮುಚ್ಚಿ ಊದಿದ.

ಒಂದೇ ಒಂದು, ಉದ್ದನೆಯದು. ಕಣ್ಣು ಬಿಟ್ಟಾಗ ಮಾಳಿಗೆಯ ಮೇಲಿನ ಮೂಟೆ ಎಗರಿ ಬಿದ್ದು, ಮತ್ತೆ ದುರ್ಬೀನಿಗೆ ಅಂಟಿಕೊಳ್ಳುವುದು ಕಂಡಿತು. ನಿದ್ದೆಯೇ ಆಗಿತ್ತು.

ಕೇರಿಯಲ್ಲಿ ಒಂದೂ ದೀಪ ಹತ್ತಲಿಲ್ಲ. ಮೊದಲ ಸಲ ಊದಿದ್ದಕ್ಕೇ ಏಳುವ ಮರ್ಯಾದೆ ನಮ್ಮ ಕೇರಿಯವರಿಗಿಲ್ಲ. ಮಗ್ಗುಲು ಬದಲಿಸಿ, ಹೆಂಡತಿ ಎದ್ದಳೇ ಎಂದು ಗಂಡ, ಗಂಡ ಎದ್ದನೇ ಎಂದು ಹೆಂಡತಿ ಕೈಯಾಡಿಸಿ ನೋಡಿ, ಎರಡನೆಯದಕ್ಕೆ ಕಾಯುತ್ತಾರೆ. ಎರಡನೆಯದನ್ನು ಜಿಲಾಲಿ ದಿನವೂ ಉಸಿರು ತಿರುಗಿದ ಕೂಡಲೇ ಊದುತ್ತಿದ್ದ. ಈಗ ಕಹಳೆಯನ್ನು ತುಟಿಯಿಂದ ತೆಗೆದ.

"ಏನಾಯ್ತು? ಇನ್ನೊಂದ್ ಊದೋ!" ಸೀ ಅಬ್ಬಾಸ್ ಎರಡೆರಡು ಮೆಟ್ಟಿಲು ಹತ್ತಿ ಬರುತ್ತಿದ್ದ. "ಕೈ ಮುಗೀತೀನಿ, ಊದು!"

ಜಿಲಾಲಿ ಊದಲಿಲ್ಲ. ಇದಕ್ಕೆ ಮುಂಚಿನದೆಲ್ಲ ಕಾಯುವುದಾಗಿತ್ತು, ಮಾತು ಪೂರ್ತಿ ತಪ್ಪಿರಲಿಲ್ಲ. ಈಗ ತಪ್ಪುತ್ತಿದ್ದ, ಗೊತ್ತಿದ್ದೇ ತಪ್ಪುತ್ತಿದ್ದ. ತಡೆದ ಒಂದೊಂದು ಉಸಿರೂ ಯಾರದೋ ಬಾಯಿಯ ತುತ್ತೆಂದು ಅವನಿಗೆ ತಿಳಿದಿತ್ತು. ಹಾಜ್ ಮಿಲೂದನ ಮನೆಯ ಕಪ್ಪು ಕಿಟಕಿಯನ್ನು ನೋಡಬಾರದೆಂದು ಮುಖ ತಿರುಗಿಸಿಕೊಂಡ. ಸೀ ಅಬ್ಬಾಸ್ ಮೇಲೆ ಬಂದು ಅವನ ತೋಳು ಹಿಡಿದು ಅಲ್ಲಾಡಿಸಿದ. ಜಿಲಾಲಿ ಕಹಳೆಯನ್ನು ಎದೆಗವುಚಿಕೊಂಡು ಮಾಳಿಗೆಯ ಕಡೆಗೇ ನೋಡುತ್ತ ನಿಂತ.

ಕೆಂಪು ಟಾರ್ಚ್ ಆಡಿತು. ಹುಚ್ಚು ಹಿಡಿದಂತೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ.

ಆಮೇಲೆ ಅವನು ಊದಿದ್ದು ಕಹಳೆಯ ದನಿಯಲ್ಲ, ಕೂಗು. ಕೇರಿಯ ದೀಪಗಳು ಒಂದೇ ಸಲ ಹೊತ್ತಿಕೊಂಡವು. ಪಾತ್ರೆ ಬಿದ್ದ ಸದ್ದು, ಬೈಗುಳ, ಮಕ್ಕಳ ಅಳು. ಸೀ ಅಬ್ಬಾಸ್ ಬಾಂಗ್ ಕೂಗಲು ಕೆಳಗಿಳಿದು ಹೋದ. ಕೆಲವರು ನೀರು ಕುಡಿದರು, ಕೆಲವರ ಕೈ ಖರ್ಜೂರದ ತಟ್ಟೆಯಲ್ಲಿತ್ತು. ಬಾಂಗಾಗಿಬಿಟ್ಟಿತು.

ಜಿಲಾಲಿ ಮನೆಗೆ ಬಂದಾಗ ಬಹೀಜಾ ಬಾಗಿಲಲ್ಲೇ ನಿಂತಿದ್ದಳು. ಅವನ ಕಿವಿಗೆ ಫೋನು ಹಿಡಿದಳು. ಟಿಕ್ ಟಿಕ್ ಸದ್ದು, ದೂರದಿಂದ ಅವನದೇ ಕಹಳೆ, ಏನೋ ಬಿದ್ದ ಸದ್ದು, ಏದುಸಿರು. ಮತ್ತೆ ಬಹಳ ಹೊತ್ತು ಟಿಕ್ ಟಿಕ್. ಆಮೇಲೆ ಅವಳ ದನಿ, "ಹೋಯ್ತು." ಎರಡು ಉಸಿರಿನ ನಂತರ, "ಬಂತು, ಬಂತು!" ಬೆಟ್ಟದಾಚೆಯವರಿಗೂ ಸಿಕ್ಕಿದೆ ಎಂದಳು. ಇಬ್ಬರದೂ ಸೇರಿಸಿದರೆ ಆ ಕಲ್ಲು ಇಲ್ಲಿಂದ ಮರಾಕೇಶಿನವರೆಗೆ ಹರಡಿ ಕೂರುವಷ್ಟು ಅಗಲವಂತೆ. ಈ ಮೊದಲು ಜಗತ್ತಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲವಂತೆ.

"ನಾನ್ ನಿದ್ದೆ ಹೋಗ್ಬಿಟ್ಟಿದ್ದೆ ಅಪ್ಪಾ."

"ಹೂಂ."

"ನಿನಗ್ ಹೇಗ್ ಗೊತ್ತಾಯ್ತು?"

"ನಮ್ ಕೆಲ್ಸಾನೇ ಅದಲ್ವೇನೇ" ಎಂದು ಅವನು ಅವಳ ತಲೆ ಸವರಿದ. ಅವನಿಗೆ ಹೆಮ್ಮೆಯಾಗಿತ್ತು, ಆದರೆ ಕೇರಿಯ ಪಾತ್ರೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿತ್ತು.

ಮಧ್ಯಾಹ್ನ ಅವನ ಗೂಡಂಗಡಿಯ ಮುಂದೆ ಹಾಜ್ ಮಿಲೂದ್ ಬಂದು ನಿಂತ. ಬೈಯುತ್ತಾನೆಂದುಕೊಂಡು ಜಿಲಾಲಿ ಸೂಜಿ ಕೆಳಗಿಟ್ಟು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬೆಳಿಗ್ಗೆ ತಲೆ ಸುತ್ತಿ ಅಂಗಡೀಲೇ ಕೂತ್ಬಿಟ್ಟೆ. ಮಗ ಬಲವಂತವಾಗಿ ಸಕ್ಕರೆ ನೀರು ಕುಡಿಸ್ದ" ಎಂದ ಹಾಜ್ ಮಿಲೂದ್. "ಉಪವಾಸ ಮುರೀತು ಜಿಲಾಲಿ. ಹುಡುಗನಾಗಿದ್ದಾಗಿಂದ ಒಂದೂ ಮುರಿದವನಲ್ಲ ನಾನು."

"ನನ್ನದು ತಪ್ಪಾಯ್ತು ಹಾಜ್. ಗೊತ್ತಿದ್ದೇ ಮಾಡ್ದೆ."

"ಅಬ್ಬಾಸ್ ಹೇಳ್ದ." ಹಾಜ್ ಮಿಲೂದ್ ಓಣಿಯ ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಟುಹೋದ. ಅಳಿಯನ ಮಾತು ತೆಗೆಯಲಿಲ್ಲ. ಜಿಲಾಲಿ ಈ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಬಹೀಜಾ ಆವತ್ತೆಲ್ಲ ಕಾಲು ನೆಲಕ್ಕೆ ತಾಕದವಳಂತೆ ಓಡಾಡಿ, ಸಂಘದವರ ಜೊತೆ ಮಾತಾಡಿ ಮಾತಾಡಿ, ರಾತ್ರಿ ಚಮಚ ಕೈಯಲ್ಲಿ ಹಿಡಿದೇ ತೂಕಡಿಸಿದಳು.

ಆ ರಾತ್ರಿ ಜಿಲಾಲಿ ದಿನಕ್ಕಿಂತ ಬೇಗ ಹೊರಟ. ಇಂದು ಒಂದು ಚಿಟಿಕೆ ಹೊತ್ತೂ ಆಚೀಚೆ ಆಗಕೂಡದು. ಹೆಗಲ ಮೇಲೆ ಕಹಳೆ ಹೊತ್ತು ಓಣಿಯಲ್ಲಿ ನಡೆಯುವಾಗ ಒಂದು ಮನೆಯೊಳಗೆ ಫೋನು ಹಾಡಿತು. ಇನ್ನೊಂದು ಮನೆಯಲ್ಲಿ ಮತ್ತೊಂದು. ಅವನು ಹೆಜ್ಜೆ ಚುರುಕು ಮಾಡಿದ. ಮಿನಾರಿನ ಕತ್ತಲ ಮೆಟ್ಟಿಲುಗಳನ್ನು ಹತ್ತಿ, ಏದುಸಿರು ಬಿಡುತ್ತ ಮೇಲೆ ಬಂದು ನೋಡಿದರೆ ಕೇರಿ ಜಗಜಗ ಬೆಳಗುತ್ತಿತ್ತು. ಎಲ್ಲ ಕಿಟಕಿಗಳಲ್ಲೂ ದೀಪ. ಮಾಳಿಗೆಗಳ ಮೇಲೆ ಹೊಗೆ, ಚಹಾದ ಪುದೀನ ವಾಸನೆ. ಹಾಜ್ ಮಿಲೂದನ ಮನೆಯಲ್ಲಿ ಎಲ್ಲರಿಗಿಂತ ಮೊದಲೇ ದೀಪ ಹತ್ತಿದಂತಿತ್ತು, ಅವರು ಆಗಲೇ ಊಟಕ್ಕೆ ಕುಳಿತಿದ್ದರು. ಯಾರೂ ಮಿನಾರಿನ ಕಡೆ ತಲೆ ಎತ್ತಲಿಲ್ಲ.

ಊದುವುದು ಯಾರಿಗೆ? ಕಹಳೆಯನ್ನು ಹೆಗಲಿಗೇರಿಸಿ ಕೆಳಗಿಳಿಯಲು ತಿರುಗಿದವನು ಕೋಟೆಗೋಡೆಯ ಕಡೆ ನೋಡಿ ನಿಂತ. ಅಷ್ಟೊಂದು ಬೆಳಕಿನ ನಡುವೆ ಒಂದು ಮನೆ ಮಾತ್ರ ಕಪ್ಪಗಿತ್ತು. ಒಳಗೆ ತಾಮೂ ಮಲಗಿದ್ದಳು, ಬಹೀಜಾ ಮಲಗಿದ್ದಳು. ಅವರು ಫೋನಿನ ಗಂಟೆ ಇಟ್ಟುಕೊಂಡಿರಲಿಲ್ಲ.

ಜಿಲಾಲಿ ಕಹಳೆಯ ಬಾಯನ್ನು ಆ ಕಡೆಗೆ ತಿರುಗಿಸಿದ, ಎದೆ ತುಂಬ ಉಸಿರು ತೆಗೆದುಕೊಂಡ, ಆ ಕಿಟಕಿಯಲ್ಲಿ ದೀಪ ಹತ್ತುವವರೆಗೂ ಊದಿದ.